ತೊಗಟೆಯ ಚಿತ್ರಕ್ಕೆ ಕೈತಯಾರಿಕೆಯ ರಫ್ ಕಾಗದ

ಹತ್ತಿ ಚಿಂದಿಯಿಂದ ಕೈಯಲ್ಲೇ ತಯಾರಿಸಿದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ ಈ ರಫ್, ಅಂದರೆ ಒರಟು ಮೈಯ, ಜಲವರ್ಣ ಕಾಗದವನ್ನು ನಾನು ಕೊಂಡದ್ದು ಮರಗಳ ತೊಗಟೆಯನ್ನು ಚಿತ್ರಿಸುವುದಕ್ಕೆಂದೇ. ಆದ್ದರಿಂದ ಈ ವಿಮರ್ಶೆಯೂ ಆ ಒಂದು ಬಳಕೆಗೆ ಸೀಮಿತವಾಗಿದೆ.

ಒರಟು ಕಾಗದದ ಮೇಲೆ ಡ್ರೈ ಬ್ರಶ್ ಎಳೆದರೆ ತೊಗಟೆ ತಾನಾಗಿಯೇ ಮೂಡುತ್ತದೆ ಎಂಬ ಮಾತು ಕಲಾವಿದರ ನಡುವೆ ಸಾಮಾನ್ಯ. ಅದು ಅರ್ಧ ಮಾತ್ರ ನಿಜ. ಬ್ರಶ್ಶಿನ ನೀರನ್ನು ಬಟ್ಟೆಗೆ ಒತ್ತಿ ತೆಗೆದು, ಅದನ್ನು ಮಲಗಿಸಿ ಎಳೆದಾಗ ಬಣ್ಣವು ಕಾಗದದ ಉಬ್ಬುಗಳಿಗಷ್ಟೇ ತಾಗಿ, ತಗ್ಗುಗಳು ಬೆಳ್ಳಗೆ ಉಳಿಯುತ್ತವೆ. ಆದರೆ ಮೊಸಳೆಯ ಚರ್ಮದಂತೆ ಚೌಕಚೌಕವಾಗಿ ಬಿರಿದ ಕರಿಮತ್ತಿಯ ತೊಗಟೆಯಲ್ಲಿ ಇರುವುದು ಇದಕ್ಕೆ ತದ್ವಿರುದ್ಧ: ಅಲ್ಲಿ ಬಿರುಕು ಕಪ್ಪು, ಉಬ್ಬು ತಿಳಿ. ಹಾಗಾಗಿ ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದ ಬೂದು ಬಣ್ಣವನ್ನು ಧಾರಾಳ ನೀರಿನಲ್ಲಿ ಹರಡಿ, ಕಾಗದವನ್ನು ಸಮತಟ್ಟಾಗಿಟ್ಟು, ಮುಟ್ಟದೆ ಒಣಗಲು ಬಿಡುವುದೇ ಮೇಲು. ಅಲ್ಟ್ರಾಮರೀನಿನ ಕಣಗಳು ತಗ್ಗುಗಳಿಗೆ ಇಳಿದು ಕುಳಿತು, ಬ್ರಶ್ಶಿನಿಂದ ಬಿಡಿಸಲಾಗದ ಕರಿಗೆರೆಗಳನ್ನು ಮೂಡಿಸುತ್ತವೆ. ಯಂತ್ರದ ಕಾಗದದಲ್ಲಿ ಒಂದೇ ಬಗೆಯ ಕುಳಿಗಳು ಸಾಲಾಗಿ ಮರುಕಳಿಸುವುದುಂಟು; ಇಲ್ಲಿ ಆ ಏಕತಾನತೆ ಇಲ್ಲದಿರುವುದೇ ಈ ಹಾಳೆಯ ದೊಡ್ಡ ಗುಣ. ಡ್ರೈ ಬ್ರಶ್ಶನ್ನು ನಾನು ಬೇವಿನ ಕಾಂಡದ ಮೇಲೆ ಹಬ್ಬಿದ ಬಿಳಿ ಕಲ್ಲುಹೂವಿಗಷ್ಟೇ ಉಳಿಸಿಕೊಂಡಿದ್ದೇನೆ.

ನಂದಿ ಮತ್ತು ಸೀಬೆಯಂತಹ ನುಣುಪು ಮರಗಳಿಗೆ ಈ ಕಾಗದ ಒಗ್ಗುವುದಿಲ್ಲ. ಸಿಪ್ಪೆ ಸುಲಿದು ಹೊಳೆಯುವ ಅವುಗಳ ಮೈಯಲ್ಲಿ ಕಾಗದದ ಒರಟುತನ ಚರ್ಮರೋಗದ ಹಾಗೆ ಕಾಣುತ್ತದೆ. ಅವಕ್ಕೆ ನುಣುಪು ಮೈಯ ಹಾಟ್ ಪ್ರೆಸ್ಡ್ ಕಾಗದವೇ ಬೇಕು.

ನಿಜವಾದ ದೋಷವಿರುವುದು ಅಂಟುಲೇಪದಲ್ಲಿ. ನೀರನ್ನು ಮೇಲ್ಮೈಯಲ್ಲಿ ತಡೆದು ನಿಲ್ಲಿಸಬೇಕಾದ ಈ ಲೇಪ ಕೆಲವು ಹಾಳೆಗಳಲ್ಲಿ ಸಮನಾಗಿಲ್ಲದ ಕಾರಣ, ಒಂದೇ ಕಾಂಡದ ಒಂದು ಕಡೆ ಬಣ್ಣ ನಿಂತರೆ, ಇನ್ನೊಂದು ಕಡೆ ಶಾಯಿಹೀರುವ ಕಾಗದಕ್ಕೆ ಬಿದ್ದಂತೆ ಇಂಗಿಹೋಗುತ್ತದೆ. ಇಂತಹ ಜಾಗದಲ್ಲಿ ಮಾಸ್ಕಿಂಗ್ ಫ್ಲೂಯಿಡ್ (ಬಣ್ಣ ತಾಗದಂತೆ ಕಾಗದವನ್ನು ಮುಚ್ಚಿಡುವ ಅಂಟುದ್ರವ) ಹಚ್ಚಿ ಕಿತ್ತರೆ ಕಾಗದದ ನಾರೂ ಎದ್ದು ಬರುತ್ತದೆ. ಮಳೆಗಾಲದ ತೇವದಲ್ಲಿ ಲೇಪ ಮತ್ತಷ್ಟು ಕೆಡುವುದರಿಂದ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡುವುದು ಅಗತ್ಯ.

ಬೆಲೆ ಮರದ ತಿರುಳಿನ ಕಾಗದಕ್ಕಿಂತ ಹೆಚ್ಚೇ ಇದೆ. ಕಟ್ಟುಗಟ್ಟಲೆ ಕೊಳ್ಳುವ ಮೊದಲು ಬಿಡಿ ಹಾಳೆಯೊಂದನ್ನು ತಂದು, ಅದರ ನಾಲ್ಕು ಮೂಲೆಗಳಿಗೂ ನಡುವಿಗೂ ತೆಳುಬಣ್ಣ ಹಚ್ಚಿ ನೋಡುವುದು ಒಳ್ಳೆಯದು.