ಹಸಿರು ದೀಪ ಬಂದ ಮೇಲೂ ಕಾಯಬೇಕು: ಜಿಪಿಎಸ್ ಗಡಿಯಾರದ ಜೊತೆ 3 ವರ್ಷ

ಕಲಬುರಗಿಯ ನಮ್ಮ ಮನೆಗೆ ಈ ಜಿಪಿಎಸ್‌ಡಿಒ ಪೆಟ್ಟಿಗೆ, ಅಂದರೆ ಜಿಪಿಎಸ್ ನೋಡಿ ತನ್ನನ್ನು ತಾನೇ ತಿದ್ದಿಕೊಳ್ಳುವ ಗಡಿಯಾರ, ಬಂದು ಮೂರು ವರ್ಷ ದಾಟಿತು. ಮೊಬೈಲ್ ಟವರ್‌ನಿಂದ ಬಿಚ್ಚಿದ ಹಳೆಯ ಮಾಲು. ಆನ್‌ಲೈನ್‌ನಲ್ಲಿ ತರಿಸಿದ್ದು, ಸುಂಕ ಸೇರಿ 14,000 ರೂಪಾಯಿ ಬಿತ್ತು. ತಂದ ಹೊಸದರಲ್ಲಿ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು. ಜಿಪಿಎಸ್ ಸಿಗ್ನಲ್ ಹೋಗಿ ಮತ್ತೆ ಬಂದಾಗ ಅದು ಏನು ಮಾಡುತ್ತದೆ ಅನ್ನುವುದು ಗೊತ್ತಾಗಲು ನನಗೆ ಒಂದು ವರ್ಷ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತೇನೆ.

ನಾನು ಹವ್ಯಾಸಿ ರೇಡಿಯೊದವನು. ಕತಾರ್ ದೇಶದ ಎಸ್‌ಹೈಲ್-2 ಉಪಗ್ರಹದಲ್ಲಿ ನಮ್ಮಂಥವರಿಗಾಗಿಯೇ ಇರುವ ಕ್ಯೂಓ-100 ಭಾಗವನ್ನು ಕೇಳುತ್ತೇನೆ. 2019ರಿಂದ ಅದು ಬಳಕೆಯಲ್ಲಿದೆ. ಸಿಗ್ನಲ್ 10,489 ಮೆಗಾಹರ್ಟ್ಸ್ ಮೇಲೆ ಬರುತ್ತದೆ, ಡಿಶ್‌ನ ಮುಂದೆ ಕೂರುವ ಎಲ್‌ಎನ್‌ಬಿ ಡಬ್ಬಿ ಅದನ್ನು ಕಡಿಮೆ ಫ್ರೀಕ್ವೆನ್ಸಿಗೆ ಇಳಿಸುತ್ತದೆ. ಎಲ್‌ಎನ್‌ಬಿ ಒಳಗೆ 25 ಮೆಗಾಹರ್ಟ್ಸ್ ಹರಳು (ಕ್ರಿಸ್ಟಲ್) ಇರುತ್ತದೆ. ಅದನ್ನು 390 ಪಟ್ಟು ಮಾಡಿದರೆ 9,750 ಮೆಗಾಹರ್ಟ್ಸ್. ನಮ್ಮ ಊರಿನ ಮೇ ತಿಂಗಳ ಬಿಸಿಲಲ್ಲಿ ಮಾಳಿಗೆ ಮೇಲಿರುವ ಆ ಸಣ್ಣ ಹರಳು ಒಂದೇ ಕಡೆ ನಿಲ್ಲುವುದಿಲ್ಲ. ಅದನ್ನು ಕಿತ್ತು, ಈ ಪೆಟ್ಟಿಗೆಯ 10 ಮೆಗಾಹರ್ಟ್ಸ್‌ನಿಂದ 25 ಮಾಡಿ ಕೊಟ್ಟೆ. ಆಮೇಲೆ ಉಪಗ್ರಹದ ಬೀಕನ್ (ಸದಾ ಬರುವ ಗುರುತಿನ ಸಿಗ್ನಲ್) ಗೆರೆ ಕಂಪ್ಯೂಟರ್ ಪರದೆಯಲ್ಲಿ ದಾರ ಹಿಡಿದು ಎಳೆದಂತೆ ನೆಟ್ಟಗೆ ನಿಂತಿತು. ಅದನ್ನು ಮೊದಲ ಸಲ ನೋಡಿದಾಗ ಆದ ಖುಷಿ ಇವತ್ತಿಗೂ ಇದೆ.

ಪೆಟ್ಟಿಗೆಯ ಕೆಲಸ ಇಷ್ಟು. ಒಳಗೆ ಬಿಸಿ ಡಬ್ಬಿಯಲ್ಲಿ ಕೂರಿಸಿದ ಒಳ್ಳೆಯ ಹರಳು ಇದೆ, ಓಸಿಎಕ್ಸ್‌ಓ ಅಂತಾರೆ. ಸೆಕೆಂಡ್‌ನಿಂದ ಸೆಕೆಂಡ್‌ಗೆ ಅದು ತುಂಬಾ ಸ್ಥಿರ, ಆದರೆ ದಿನಗಳು ಕಳೆದಂತೆ ಮೆಲ್ಲಗೆ ಸರಿಯುತ್ತದೆ. ಜಿಪಿಎಸ್ ಇದಕ್ಕೆ ತಿರುಗುಮುರುಗು. ಸೆಕೆಂಡಿಗೊಮ್ಮೆ ಬರುವ ಅದರ ಮಿಡಿತ ಹತ್ತಾರು ನ್ಯಾನೊಸೆಕೆಂಡ್ ಆಚೀಚೆ ಕುಣಿಯುತ್ತದೆ, ಆದರೆ ತಿಂಗಳುಗಟ್ಟಲೆ ದಾರಿ ತಪ್ಪುವುದಿಲ್ಲ. ಹಾಗಾಗಿ ಪೆಟ್ಟಿಗೆ ಜಿಪಿಎಸ್ ನೋಡಿಕೊಂಡು ಹರಳಿನ ವೋಲ್ಟೇಜನ್ನು ನಿಧಾನಕ್ಕೆ ತಿದ್ದುತ್ತಿರುತ್ತದೆ. ಸಿಗ್ನಲ್ ಹೋದರೆ ಕೊನೆಯ ಒಳ್ಳೆಯ ವೋಲ್ಟೇಜನ್ನೇ ಹಿಡಿದು ಕೂರುತ್ತದೆ. ಅದು ಹೋಲ್ಡೋವರ್. ಇದರಲ್ಲಿ ನನ್ನ ಪೆಟ್ಟಿಗೆ ಗಟ್ಟಿ. ತೊಂದರೆ ಇರುವುದು ಆಮೇಲೆ.

ಮೊದಲ ವರ್ಷ ಬಸವಕಲ್ಯಾಣದಲ್ಲಿ ಮದುವೆ ಇತ್ತು, ಮನೆಮಂದಿ ಎಲ್ಲಾ ಹೋಗಿದ್ದೆವು. ಆ ರಾತ್ರಿ ಇಲ್ಲಿ ಮಳೆ. ಬಿಸಿಲಿಗೆ ಬಿರುಕು ಬಿಟ್ಟಿದ್ದ ಜಿಪಿಎಸ್ ಆಂಟೆನಾ ಕನೆಕ್ಟರ್ ಒಳಗೆ ನೀರು ಹೋಗಿತ್ತು. ನಾವು ವಾಪಸ್ ಬರುವಷ್ಟರಲ್ಲಿ ಹೋಲ್ಡೋವರ್‌ಗೆ 18 ಗಂಟೆ ಆಗಿತ್ತು. ಕನೆಕ್ಟರ್ ಒಣಗಿಸಿ ಹಾಕಿದೆ. ಎರಡು ನಿಮಿಷದಲ್ಲಿ ಹಸಿರು ದೀಪ ಬಂತು. ರೇಡಿಯೊ ಹಚ್ಚಿದರೆ ಬೀಕನ್ ಗೆರೆ ಸುಮಾರು 97 ಹರ್ಟ್ಸ್ ಪಕ್ಕಕ್ಕೆ ಸರಿದು ನಿಂತಿದೆ! ಮಾತಾಡುವವರ ದನಿಯೂ ಬದಲಾಗಿದೆ. ಸಿಗ್ನಲ್ ಇಲ್ಲದಾಗ ಚೆನ್ನಾಗಿದ್ದದ್ದು, ಸಿಗ್ನಲ್ ಬಂದ ಮೇಲೆ ಕೆಟ್ಟಿತ್ತು. ನಾನು ಎಲ್‌ಎನ್‌ಬಿ ಹೋಯಿತು ಅಂದುಕೊಂಡು ಏಣಿ ಹಾಕಿದೆ. ಅವ್ವ ಕೆಳಗಿನಿಂದ, "ಹಸಿರ್ ಲೈಟ್ ಹತ್ತ್ಯಾದಲ್ಲೋ, ಮತ್ತ್ಯಾಕ ಏಣಿ ಹತ್ತಲಕತ್ತಿ?" ಅಂತ ಕೇಳಿದರು. ಹತ್ತು ನಿಮಿಷದ ನಂತರ ಗೆರೆ ತಾನೇ ವಾಪಸ್ ಬಂತು. ಸ್ವಲ್ಪ ಆಚೆ ದಾಟಿ, ಮತ್ತೆ ಈಚೆ ಬಂದು ನಿಂತಿತು.

ಲೆಕ್ಕ ಹಾಕಿದಾಗ ಎಲ್ಲಾ ಬಿಡಿಸಿಕೊಂಡಿತು. ಹರಳು ಸಾವಿರ ಕೋಟಿಯಲ್ಲಿ ಒಂದು ಪಾಲು ತಪ್ಪಿದರೂ ದಿನಕ್ಕೆ 8.64 ಮೈಕ್ರೊಸೆಕೆಂಡ್ ಸಮಯ ಜಾರುತ್ತದೆ. ಆ 18 ಗಂಟೆಯಲ್ಲಿ ನನ್ನದು ಸುಮಾರು 6 ಮೈಕ್ರೊಸೆಕೆಂಡ್ ಜಾರಿತ್ತು. ಫ್ರೀಕ್ವೆನ್ಸಿ ಹೆಚ್ಚುಕಮ್ಮಿ ಸರಿಯೇ ಇತ್ತು, ತಪ್ಪಿದ್ದು ಸಮಯ. ಜಿಪಿಎಸ್ ಸಿಕ್ಕ ಕೂಡಲೇ ಪೆಟ್ಟಿಗೆ ಆ ಬಾಕಿ ತೀರಿಸಲು ಹೊರಟಿತು. ಬಾಕಿ ತೀರಿಸಬೇಕೆಂದರೆ ಹರಳನ್ನು ಬೇಕಂತಲೇ ಜೋರಾಗಿ ಅಥವಾ ನಿಧಾನವಾಗಿ ಓಡಿಸಬೇಕು. ಕಾರ್ಖಾನೆಯ ಸೆಟ್ಟಿಂಗ್‌ನಲ್ಲಿ ಅದರ ಮಿತಿ ಹತ್ತು ಕೋಟಿಯಲ್ಲಿ ಒಂದು ಪಾಲು. 6 ಮೈಕ್ರೊಸೆಕೆಂಡ್‌ಗೆ 600 ಸೆಕೆಂಡ್, ಸರಿಯಾಗಿ ಹತ್ತು ನಿಮಿಷ. ಅಷ್ಟೂ ಹೊತ್ತು 10 ಮೆಗಾಹರ್ಟ್ಸ್‌ನಲ್ಲಿ ಬರೀ 0.1 ಹರ್ಟ್ಸ್ ತಪ್ಪು. ಎಲ್‌ಎನ್‌ಬಿಯ 9,750 ಮೆಗಾಹರ್ಟ್ಸ್‌ಗೆ ಹೋದರೆ ಅದೇ ತಪ್ಪು 97 ಹರ್ಟ್ಸ್.

ಟವರ್‌ನವರಿಗೆ ಇದೇ ಬೇಕು. ಕಳಿಸುವುದೂ ಕೇಳುವುದೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸರದಿಯಂತೆ ನಡೆಯುವ ಟಿಡಿಡಿ ಬಗೆಯ 4ಜಿಯಲ್ಲಿ ಸಮಯ 1.5 ಮೈಕ್ರೊಸೆಕೆಂಡ್ ಒಳಗೆ ಇರಬೇಕು, ಇಲ್ಲದಿದ್ದರೆ ಅಕ್ಕಪಕ್ಕದ ಟವರ್‌ಗಳು ಒಂದರ ಮೇಲೊಂದು ಮಾತಾಡುತ್ತವೆ. ನನಗೆ ಬೇಕಾದದ್ದು ಫ್ರೀಕ್ವೆನ್ಸಿ. ಹಸಿರು ದೀಪ ಹೇಳುವುದು ಉಪಗ್ರಹ ಸಿಕ್ಕಿವೆ ಅಂತ ಮಾತ್ರ. ರಿಕವರಿ, ಅಂದರೆ ಆ ಬಾಕಿ ತೀರಿಸುವುದು, ಮುಗಿಯಿತು ಅಂತ ಅದು ಹೇಳುವುದಿಲ್ಲ. ಇದನ್ನು ಮಾರಿದವರೂ ಹೇಳಲಿಲ್ಲ, ಜೊತೆಗೆ ಬಂದ ಹಾಳೆಯಲ್ಲೂ ಇರಲಿಲ್ಲ. ಆ ಒಂದು ಸ್ಟಾರ್ ಹೋಗಿದ್ದು ಇದಕ್ಕೇ.

ಪುಣ್ಯಕ್ಕೆ ಸೀರಿಯಲ್ ಪೋರ್ಟ್‌ನಿಂದ ಸೆಟ್ಟಿಂಗ್ ಬದಲಿಸಬಹುದು. ಮೊದಲು ಮಿತಿಯನ್ನು ಹತ್ತು ಪಟ್ಟು ಇಳಿಸಿದೆ. ಗೆರೆ 10 ಹರ್ಟ್ಸ್ ಅಷ್ಟೇ ಸರಿಯಿತು, ಆದರೆ ಅದೇ 6 ಮೈಕ್ರೊಸೆಕೆಂಡ್‌ಗೆ 100 ನಿಮಿಷ ಬೇಕು. ಆಮೇಲೆ ಜಾಮ್ ಸಿಂಕ್ ಹಚ್ಚಿದೆ. ಸಮಯ ಇಂತಿಷ್ಟಕ್ಕಿಂತ ಜಾಸ್ತಿ ತಪ್ಪಿದ್ದರೆ ಪೆಟ್ಟಿಗೆ ಹರಳನ್ನು ಮುಟ್ಟುವುದಿಲ್ಲ, ಸೆಕೆಂಡಿನ ಮಿಡಿತವನ್ನೇ ಎತ್ತಿ ಸರಿಯಾದ ಜಾಗಕ್ಕೆ ಇಡುತ್ತದೆ. 10 ಮೆಗಾಹರ್ಟ್ಸ್‌ನ ಒಂದು ಅಲೆ 100 ನ್ಯಾನೊಸೆಕೆಂಡ್. ಆ ಅಳತೆಯ ಹೆಜ್ಜೆಯಲ್ಲಿ ಹಾರಿ, ಉಳಿದ ಚೂರನ್ನು ಮಾತ್ರ ಎಳೆಯುತ್ತದೆ. ನನ್ನಂತೆ ಫ್ರೀಕ್ವೆನ್ಸಿ ಬೇಕಾದವರಿಗೆ ಇದೇ ಸರಿ. ಸೆಕೆಂಡಿನ ಮಿಡಿತ ಎಣಿಸಿ ದಾಖಲೆ ಇಡುವವರು ಮಾತ್ರ ಹಚ್ಚಬೇಡಿ, ದಾಖಲೆ ಮಧ್ಯೆ ಜಿಗಿತ ಬರುತ್ತದೆ. ಕೊಳ್ಳುವ ಮುಂಚೆ ಈ ಎರಡು ಸೆಟ್ಟಿಂಗ್ ಇವೆಯಾ ಅಂತ ಕೇಳಿ.

ಕರೆಂಟ್ ಹೋಗುವುದು ಬೇರೆಯೇ ಮಾತು. ಆಗ ಬಿಸಿ ಡಬ್ಬಿ ತಣ್ಣಗಾಗುತ್ತದೆ, ಹೋಲ್ಡೋವರ್ ಅನ್ನುವುದೇ ಇರುವುದಿಲ್ಲ. ಎಲ್ಲಾ ಮೊದಲಿನಿಂದ ಶುರು. ಅರ್ಧ ಗಂಟೆಯಲ್ಲಿ ಲಾಕ್ ಆದರೂ ಹರಳು ಕುದುರಲು ದಿನ ಬೇಕು. ಆ ಹೊತ್ತಿನಲ್ಲಿ ಮತ್ತೆ ಸಿಗ್ನಲ್ ಹೋದರೆ ತುಂಬಾ ಜಾರುತ್ತದೆ. 12 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿ ಇಟ್ಟಿದ್ದೇನೆ. ಆಂಟೆನಾ ಇರುವ ಜಾಗವನ್ನು ಪೆಟ್ಟಿಗೆಯ ನೆನಪಿನಲ್ಲಿ ಉಳಿಸಿದ್ದೇನೆ, ಹಾಗಾಗಿ ಪ್ರತಿ ಸಲ ಮತ್ತೆ ಸರ್ವೆ ಮಾಡುತ್ತಾ ಕೂರುವುದಿಲ್ಲ.

ಬೇಸಿಗೆಯಲ್ಲಿ ಕೂಲರ್ ಹಚ್ಚಿದಾಗಲೆಲ್ಲ ಗ್ರಾಫ್‌ನಲ್ಲಿ ವೋಲ್ಟೇಜ್ ಏರಿಳಿಯುತ್ತಿತ್ತು. ಗಾಳಿ ನೇರ ಪೆಟ್ಟಿಗೆಗೇ ಬಡಿಯುತ್ತಿತ್ತು. ಈಗ ಒಳಕೋಣೆಯ ದಪ್ಪ ಕಲ್ಲುಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ. ಹೊರಗೆ 43 ಡಿಗ್ರಿ ಇದ್ದರೂ ಗೂಡಿನಲ್ಲಿ ಬಿಸಿ ಏರುವುದು ನಿಧಾನ. ಹೋಲ್ಡೋವರ್ ಇದರಿಂದಲೇ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು.

ಈ ವರ್ಷ ಮುಂಗಾರಿಗೆ ಮುಂಚಿನ ಗಾಳಿಗೆ ಜಿಪಿಎಸ್ ಆಂಟೆನಾದ ಕೇಬಲ್ ಕಿತ್ತುಬಂತು. 11 ಗಂಟೆ ಸಿಗ್ನಲ್ ಇರಲಿಲ್ಲ. ಕೇಬಲ್ ಜೋಡಿಸಿ, ಕೆಳಗಿಳಿದು, ಬೀದರಿನ ಗೆಳೆಯನಿಗೆ ಫೋನ್ ಹಚ್ಚಿ ಪರದೆ ನೋಡುತ್ತಾ ಕೂತೆ. ಹಸಿರು ದೀಪ ಬಂತು. ಮಿಡಿತ ಒಂದು ಸಲ ಹಾರಿತು. ಬೀಕನ್ ಗೆರೆ ಒಂದಿಷ್ಟೂ ಬಾಗಲಿಲ್ಲ.