ಮೇಜಿನ ಮೇಲಿನ ಶಾಕ್ ಟ್ಯೂಬ್ ಕಿಟ್: ಕೊಳವೆ ಸೂಪರ್, ಸಾಫ್ಟ್‌ವೇರ್ ಕೇಳಬೇಡಿ

ನಾಲ್ಕು ತಿಂಗಳಿಂದ ಲ್ಯಾಬಿನಲ್ಲಿ ಈ ಕಿಟ್ ಬಳಸುತ್ತಿದ್ದೇವೆ. ಕಂಪನಿ ಹೆಸರು ಬೇಡ, ಬೈಯುವುದೂ ಇದೆ.

ಉದ್ದನೆಯ ಸ್ಟೀಲ್ ಕೊಳವೆ, ನಡುವೆ ತೆಳು ಪ್ಲಾಸ್ಟಿಕ್ ಹಾಳೆ, ಅಷ್ಟೇ. ಒಂದು ಕಡೆ ಒತ್ತಡ ಏರಿಸುತ್ತಾ ಹೋದರೆ ಹಾಳೆ ಢಂ ಅಂತ ಹರಿದು, ಇನ್ನೊಂದು ಕಡೆಗೆ ಆಘಾತ ತರಂಗ (ಶಾಕ್, ಅಂದರೆ ಶಬ್ದಕ್ಕಿಂತ ವೇಗವಾಗಿ ಓಡುವ ಒತ್ತಡದ ಅಲೆ) ಓಡುತ್ತದೆ. 1899ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಕಟ್ಟಿದ ಕೊಳವೆಯೂ ಇದೇ ಉಪಾಯದ್ದು. ಕೊಳವೆಯ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ, ಒಂದು ಕಡೆಯೂ ಸೋರಿಲ್ಲ.

ಎರಡೂ ಕಡೆ ಗಾಳಿ, ಒತ್ತಡ 7ಕ್ಕೆ 1 ಇಟ್ಟರೆ ಲೆಕ್ಕದ ಪ್ರಕಾರ ಮ್ಯಾಕ್ 1.5, ಅಂದರೆ ಶಬ್ದದ ವೇಗದ ಒಂದೂವರೆ ಪಟ್ಟು, ಬರಬೇಕು. 50 ಸೆಂ.ಮೀ. ದೂರದ ಎರಡು ಸೆನ್ಸರ್‌ಗಳ ನಡುವೆ ನಮಗೆ ಸಿಕ್ಕಿದ್ದು 1.03 ಮಿಲಿಸೆಕೆಂಡ್, ಅಂದರೆ ಮ್ಯಾಕ್ 1.4. ಇದು ತಪ್ಪಲ್ಲ, ಇದೇ ಮಜಾ! ಸೂತ್ರದಲ್ಲಿ ಹಾಳೆ ಕಣ್ಣುಮುಚ್ಚುವ ಮೊದಲೇ ಮಾಯವಾಗುತ್ತದೆ. ನಿಜದಲ್ಲಿ ಅದು ಹರಿದು ತೆರೆದುಕೊಳ್ಳಲು ಹೊತ್ತು ಬೇಕು, ಮೇಲಾಗಿ ಗೋಡೆಗೆ ಅಂಟಿದ ಗಾಳಿಯ ಪದರ ತರಂಗವನ್ನು ದಾರಿಯುದ್ದಕ್ಕೂ ಹಿಂದಕ್ಕೆ ಜಗ್ಗುತ್ತದೆ. ಹಾಳೆ ಮೇಲೆ ಬ್ಲೇಡಿನಿಂದ ಸಣ್ಣ ಅಡ್ಡಗೀರು ಎಳೆದು ನೋಡಿ, ಚೊಕ್ಕವಾಗಿ ಬಿಚ್ಚಿಕೊಂಡು ವೇಗ ತುಸು ಏರುತ್ತದೆ. ಕಲಿಯುವುದು ಅಲ್ಲೇ ಅಲ್ವಾ? ಆದರೆ ಕೈಪಿಡಿಯವರು ‘ತಿದ್ದುಪಡಿ ಅಂಕಿ’ ಅಂತ ಒಂದು ಕೊಟ್ಟು ಅದರಿಂದ ಗುಣಿಸಿ ಅನ್ನುತ್ತಾರೆ, ಗುಣಿಸಿದರೆ ಪರದೆಯ ಮೇಲೆ ಸುಮ್ನೆ 1.5 ಬಂದು ಕೂರುತ್ತದೆ. ಹಾಗಾದರೆ ಪ್ರಯೋಗ ಯಾಕೆ ಮಾಡಬೇಕಿತ್ತು? ಮೊದಲ ದಿನವೇ ಅದನ್ನು ಆಫ್ ಮಾಡಿದೆ.

ಸೆನ್ಸರ್‌ಗಳನ್ನು ನೇರ ಸ್ಟೀಲಿಗೇ ಬಿಗಿದಿದ್ದಾರೆ. ಸ್ಟೀಲಿನಲ್ಲಿ ಕಂಪನ ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ, ಗಾಳಿಯ ತರಂಗಕ್ಕಿಂತ ಹತ್ತು ಪಟ್ಟು ಜಾಸ್ತಿ. ಹಾಗಾಗಿ ತರಂಗ ಬರುವ ಮೊದಲೇ ರೆಕಾರ್ಡಿಂಗ್ ಶುರುವಾಗಿ ಎರಡು ವಾರ ತಲೆ ಕೆಟ್ಟಿತು. ನೈಲಾನ್ ವಾಷರ್ ಹಾಕಿದ ಮೇಲೆ ಸರಿಹೋಯಿತು.

ಸಾಫ್ಟ್‌ವೇರ್ ಬಿಡಿಸುವ ದೂರ-ಕಾಲ ಚಿತ್ರ ಮಾತ್ರ ಚೆಂದ. ಮುಂದೆ ಶಾಕ್, ಅದರ ಹಿಂದೆ ಎರಡು ಅನಿಲ ಸೇರುವ ಗೆರೆ, ಆಚೆ ಕಡೆಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಹಿಗ್ಗುವ ಅಲೆಗಳು. ಆದರೆ ಲೆಕ್ಕಕ್ಕೆ ಬೇಕಾದ ಗಾಮಾವನ್ನು (ಅನಿಲದ ಎರಡು ವಿಶಿಷ್ಟೋಷ್ಣಗಳ ಅನುಪಾತ) ಗಾಳಿಯ 1.4ಕ್ಕೇ ಕಟ್ಟಿಹಾಕಿದ್ದಾರೆ. ಹೀಲಿಯಂಗೆ ಅದು 1.67! ಹೀಲಿಯಂನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1000 ಮೀಟರ್ ಓಡುವುದರಿಂದ, ಒತ್ತಡ ಏರಿಸುವ ಕಡೆ ಗಾಳಿಯ ಬದಲು ಅದನ್ನು ತುಂಬಿದರೆ ಅದೇ 7ಕ್ಕೆ 1ರಲ್ಲಿ ಲೆಕ್ಕದ ಮ್ಯಾಕ್ 1.8 ದಾಟುತ್ತದೆ. ಈ ಲೆಕ್ಕವನ್ನು ಕೈಯಲ್ಲೇ ಹಾಕಿಕೊಳ್ಳಬೇಕು.

ಕಿವಿಗೆ ಮುಚ್ಚಿಕೊಳ್ಳಲು ಏನೂ ಕೊಟ್ಟಿಲ್ಲ, ನೀವೇ ತಂದುಕೊಳ್ಳಿ. ಹಾಳೆ ಹತ್ತೇ ಕೊಟ್ಟಿದ್ದರು, ಒಂದು ಬೆಳಗ್ಗೆಗೆ ಖಾಲಿ.

ಗಾಮಾ ಬದಲಿಸುವ ಸೌಲಭ್ಯ ಕೊಡಿ ಅಂತ ಕಂಪನಿಗೆ ಬರೆದೆ. ತಿದ್ದುಪಡಿ ಅಂಕಿ ಬಳಸಿ ಅಂತ ಉತ್ತರ ಬಂತು.