ಪಪೆಟಿಯರ್, ಪ್ಲೇರೈಟ್, ಸೆಲೆನಿಯಂ: ಪೇಜ್ ಒಳಗೆ ಕೋಡ್ ಓಡಿಸೋಕೆ ಯಾವುದು ವಾಸಿ

ಪಪೆಟಿಯರ್, ಪ್ಲೇರೈಟ್, ಸೆಲೆನಿಯಂ ಮೂರೂ ಬ್ರೌಸರ್‌ನ ಮನುಷ್ಯನ ಬದಲು ಕೋಡಿಂದ ನಡೆಸೋ ಟೂಲ್‌ಗಳು. ಬಟನ್ ಒತ್ತೋದು, ಫಾರ್ಮ್ ತುಂಬೋದು ಮೂರರಲ್ಲೂ ಹೆಚ್ಚುಕಮ್ಮಿ ಒಂದೇ ತರ, ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ. ಅಸಲಿ ವ್ಯತ್ಯಾಸ ಗೊತ್ತಾಗೋದು ನಮ್ಮ ಜಾವಾಸ್ಕ್ರಿಪ್ಟ್‌ನ ಪೇಜ್ ಒಳಗೇ ಓಡಿಸ್ಬೇಕಾಗಿ ಬಂದಾಗ, ಅಂದ್ರೆ ವಿಂಡೋ ಆಬ್ಜೆಕ್ಟಲ್ಲಿರೋ ಯಾವುದೋ ವೇರಿಯಬಲ್ ಓದ್ಬೇಕು, ಲೋಕಲ್ ಸ್ಟೋರೇಜಲ್ಲಿ ಟೋಕನ್ ಇಡ್ಬೇಕು, ಉದ್ದದ ಟೇಬಲ್ ಒಂದನ್ನ ಒಂದೇ ಏಟಿಗೆ ಎತ್ಕೊಂಡು ಬರ್ಬೇಕು, ಇಂಥವು.

ಪಪೆಟಿಯರ್ 2017ರಲ್ಲಿ ಕ್ರೋಮ್ ಡೆವ್‌ಟೂಲ್ಸ್ ತಂಡದಿಂದ ಬಂದಿದ್ದು. ಪೇಜ್.ಇವ್ಯಾಲ್ಯುಯೇಟ್ ಒಳಗೆ ಒಂದು ಫಂಕ್ಷನ್ ಬರೆದುಬಿಟ್ರೆ ಆಯ್ತು, ನೋಡೋಕೆ ತುಂಬಾ ಚೆಂದ, ಆದ್ರೆ ಮೋಸ ಇರೋದೂ ಅಲ್ಲೇ. ಆ ಫಂಕ್ಷನ್ ನಮ್ಮ ಫೈಲಲ್ಲೇ ಕೂತಿರತ್ತೆ, ಮೇಲೆ ಡಿಕ್ಲೇರ್ ಮಾಡಿರೋ ವೇರಿಯಬಲ್ ಹೆಸರನ್ನ ಎಡಿಟರ್ ತಾನಾಗೇ ತುಂಬಿಕೊಡತ್ತೆ, ಟೈಪ್‌ಸ್ಕ್ರಿಪ್ಟ್ ಕೂಡ ಓಕೆ ಅಂತ ತಲೆಯಾಡಿಸತ್ತೆ, ಓಡಿಸಿದ್ರೆ ಮಾತ್ರ ರೆಫರೆನ್ಸ್ ಎರರ್! ಯಾಕಂದ್ರೆ ಅದು ನಮ್ಮ ಸ್ಕ್ರಿಪ್ಟ್ ಓಡೋ ನೋಡ್ ಜೆಎಸ್ ಒಳಗೆ ಓಡೋದೇ ಇಲ್ಲ, ಲೈಬ್ರರಿ ಅದನ್ನ ಸ್ಟ್ರಿಂಗ್ ಮಾಡಿ ಡೆವ್‌ಟೂಲ್ಸ್ ಪ್ರೋಟೋಕಾಲ್ ಮೂಲಕ ಬ್ರೌಸರ್‌ಗೆ ಕಳಿಸತ್ತೆ, ಕ್ಲೋಷರ್ (ಫಂಕ್ಷನ್ ತನ್ನ ಸುತ್ತಲಿಂದ ಹಿಡ್ಕೊಂಡಿರೋ ವೇರಿಯಬಲ್‌ಗಳು) ಈಚೆನೇ ಉಳಿಯತ್ತೆ. ಬೇಕಾದ್ದನ್ನೆಲ್ಲಾ ಆರ್ಗ್ಯುಮೆಂಟ್ ಆಗೇ ಕಳಿಸ್ಬೇಕು, ಎಷ್ಟು ಬೇಕಾದ್ರೂ ಸಾಲಾಗಿ ಕಳಿಸ್ಬಹುದು.

ಇದರಲ್ಲೇ ಇನ್ನೊಂದು ತಲೆನೋವು ಇದೆ, ಕೋಡ್ ಪೂರ್ತಿ ಸರಿಯಿದ್ರೂ "ಅಂಡರ್‌ಸ್ಕೋರ್ ಅಂಡರ್‌ಸ್ಕೋರ್ ನೇಮ್ ಈಸ್ ನಾಟ್ ಡಿಫೈನ್ಡ್" ಅಂತ ಬರತ್ತೆ. ಅದು ಇಎಸ್‌ಬಿಲ್ಡ್ (ಟೈಪ್‌ಸ್ಕ್ರಿಪ್ಟ್‌ನ ಜಾವಾಸ್ಕ್ರಿಪ್ಟ್‌ಗೆ ಬದಲಾಯಿಸೋ ಟೂಲ್) ಕೆಲಸ, ಫಂಕ್ಷನ್ ಹೆಸರು ಉಳಿಸೋಕೆ ಅದು ಒಂದು ಹೆಲ್ಪರ್ ಸೇರಿಸತ್ತೆ, ಹೆಲ್ಪರ್ ನಮ್ಮ ಕಡೆ ಇರತ್ತೆ, ಕರೆಯೋ ಸಾಲು ಮಾತ್ರ ಬ್ರೌಸರ್‌ಗೆ ಹೋಗತ್ತೆ. ಟೆಸ್ಟಲ್ಲಿ ಯಾವ್ಯಾವ ಸಾಲು ಓಡ್ತು ಅಂತ ಎಣಿಸೋ ಕೋಡ್ ಕವರೇಜ್ ಟೂಲ್ ಆನ್ ಮಾಡಿದ್ರೂ ಇದೇ ಕಥೆ, ಅದು ತೂರಿಸೋ ಕೌಂಟರ್ ವೇರಿಯಬಲ್ ಪೇಜಲ್ಲಿ ಎಲ್ಲಿಂದ ಬರ್ಬೇಕು ಹೇಳಿ. ಬೇರೆ ದಾರಿ ಇಲ್ದಿದ್ರೆ ಫಂಕ್ಷನ್ ಬದಲು ಸೀದಾ ಸ್ಟ್ರಿಂಗ್ ಕೊಟ್ಬಿಡಿ, ಮುಗೀತು.

ಪ್ಲೇರೈಟ್ 2020ರಲ್ಲಿ ಬಂದಿದ್ದು, ಪಪೆಟಿಯರ್ ಕಟ್ಟಿದ ಜನರೇ ಕೆಲವರು ಮೈಕ್ರೋಸಾಫ್ಟ್‌ಗೆ ಹೋಗಿ ಮಾಡಿದ್ದು, ಹಾಗಾಗಿ ಇವ್ಯಾಲ್ಯುಯೇಟ್ ಇಲ್ಲೂ ಅದೇ ಹೆಸರು, ಅದೇ ಮೋಸ. ಒಂದೇ ಒಂದು ಆರ್ಗ್ಯುಮೆಂಟ್ ತಗೊಳತ್ತೆ, ಎರಡು ಕೊಟ್ರೆ ಆಬ್ಜೆಕ್ಟಲ್ಲಿ ಸುತ್ತಿ ಕೊಡಿ ಅಂತ ಎರರ್‌ನಲ್ಲೇ ಹೇಳತ್ತೆ. ಪಪೆಟಿಯರ್ ಕೋಡ್‌ನ ಕಾಪಿ ಮಾಡಿ ತಂದವ್ರು ಮೊದಲು ಎಡವೋದು ಇಲ್ಲೇ, ಆದ್ರೆ ನನಗಂತೂ ಆಬ್ಜೆಕ್ಟ್ ಪದ್ಧತಿನೇ ಇಷ್ಟ, ಆರು ತಿಂಗಳು ಬಿಟ್ಟು ಓದಿದ್ರೂ ಒಳಗೆ ಏನೇನು ಹೋಗ್ತಿದೆ ಅಂತ ಹೆಸರು ಸಮೇತ ಕಾಣತ್ತೆ. ವಾಪಸ್ ಬರೋ ಬೆಲೆಗಳ ವಿಷಯದಲ್ಲೂ ಪ್ಲೇರೈಟೇ ಮುಂದೆ, ಡೇಟ್ ಆಬ್ಜೆಕ್ಟ್ ಕಳಿಸಿದ್ರೆ ಡೇಟ್ ಆಗೇ ಬರತ್ತೆ, ಪಪೆಟಿಯರಲ್ಲಿ ಆ ಭರವಸೆ ಇಟ್ಕೋಬೇಡಿ, ಐಎಸ್ಓ ಸ್ಟ್ರಿಂಗ್ ಮಾಡ್ಕೊಂಡೇ ಕಳಿಸಿ.

ಸೆಲೆನಿಯಂ 2004ರಿಂದ ಇದೆ, ಎಕ್ಸಿಕ್ಯೂಟ್ ಸ್ಕ್ರಿಪ್ಟ್‌ಗೆ ಸ್ಟ್ರಿಂಗ್ ಕೊಡ್ಬೇಕು, ಒಳಗೆ ಆರ್ಗ್ಯುಮೆಂಟ್ಸ್[0], ಆರ್ಗ್ಯುಮೆಂಟ್ಸ್[1] ಅಂತ ಹಿಡ್ಕೋಬೇಕು, ರಿಟರ್ನ್ ಅಂತ ಬರೀಲೇಬೇಕು ಇಲ್ಲಾಂದ್ರೆ ಪೈಥಾನಲ್ಲಿ None, ಅಂದ್ರೆ ಖಾಲಿ ಬೆಲೆ, ಬರತ್ತೆ. ನೋಡೋಕೆ ಹಳೇ ಕಾಲದ್ದು. ಆದ್ರೆ ಒಂದು ಮಾತು ಹೇಳ್ಲೇಬೇಕು, ಕೋಟ್ಸ್ ಒಳಗಿರೋ ಕೋಡ್ ನೋಡಿದ್ರೆ ಇದು ಬೇರೆ ಕಡೆ ಓಡತ್ತೆ ಅಂತ ಯಾರಿಗೂ ಅನುಮಾನನೇ ಬರಲ್ಲ, ಕ್ಲೋಷರ್ ಗೊಂದಲ ಅನ್ನೋದು ಅಲ್ಲಿ ಹುಟ್ಟೋದೇ ಇಲ್ಲ. ಎಲಿಮೆಂಟ್ ಕಳಿಸಿದ್ರೆ ಡಾಮ್ ಎಲಿಮೆಂಟ್ (ಪೇಜಲ್ಲಿರೋ ಬಟನ್, ಟೇಬಲ್ ತರದ ಅಸಲಿ ಭಾಗ) ಆಗಿ ಒಳಗೆ ಹೋಗತ್ತೆ, ರಿಟರ್ನ್ ಮಾಡಿದ್ರೆ ವೆಬ್‌ಎಲಿಮೆಂಟ್ ಆಗಿ ಈಚೆ ಬರತ್ತೆ, ಬೇರೇನೂ ಮಾಡ್ಬೇಕಾಗಿಲ್ಲ. ಪ್ಲೇರೈಟಲ್ಲಿ ಇವ್ಯಾಲ್ಯುಯೇಟಿಂದ ಎಲಿಮೆಂಟ್ ರಿಟರ್ನ್ ಮಾಡಿ ನೋಡಿ, "ರೆಫ್: ನೋಡ್" ಅನ್ನೋ ತರದ ಒಂದು ಸ್ಟ್ರಿಂಗ್ ಕೈಗೆ ಬರತ್ತೆ, ಎಲಿಮೆಂಟೇ ಬೇಕಂದ್ರೆ ಇವ್ಯಾಲ್ಯುಯೇಟ್ ಹ್ಯಾಂಡಲ್ ಅಂತ ಬೇರೆ ಮೆಥಡ್, ಪಪೆಟಿಯರಲ್ಲೂ ಹಾಗೇ.

ಅಸಿಂಕ್, ಅಂದ್ರೆ ಉತ್ತರಕ್ಕೆ ಕಾಯ್ಬೇಕಾದ ಕೋಡ್ ವಿಷಯದಲ್ಲಿ ಸೆಲೆನಿಯಂ ಹಿಂದೆ. ಎಕ್ಸಿಕ್ಯೂಟ್ ಅಸಿಂಕ್ ಸ್ಕ್ರಿಪ್ಟಲ್ಲಿ ಕೊನೇ ಆರ್ಗ್ಯುಮೆಂಟೇ ಕಾಲ್‌ಬ್ಯಾಕ್ (ಕೆಲಸ ಮುಗೀತು ಅಂತ ತಿಳಿಸೋ ಫಂಕ್ಷನ್), ಅದನ್ನ ಕರೆಯೋದು ಮರೆತ್ರೆ ಸ್ಕ್ರಿಪ್ಟ್ ಟೈಮ್‌ಔಟ್ ಆಗೋತನಕ, ಅಂದ್ರೆ ಡೀಫಾಲ್ಟ್ 30 ಸೆಕೆಂಡು, ಸುಮ್ನೆ ನೇತಾಡ್ತಾ ಇರತ್ತೆ. ಬೇರೆ ಎರಡರಲ್ಲೂ ಪ್ರಾಮಿಸ್ (ಉತ್ತರ ಆಮೇಲೆ ಕೊಡೋ ಆಬ್ಜೆಕ್ಟ್) ರಿಟರ್ನ್ ಮಾಡಿದ್ರೆ ಸಾಕು.

ಪೇಜ್ ಒಳಗೆ ಓಡೋ ಕೋಡಲ್ಲಿ ಕನ್ಸೋಲ್ ಲಾಗ್ ಹಾಕಿ ಟರ್ಮಿನಲ್ ನೋಡ್ತಾ ಕೂರಬೇಡಿ, ಅದು ಬ್ರೌಸರ್ ಕನ್ಸೋಲಿಗೆ ಹೋಗಿರತ್ತೆ. ಪಪೆಟಿಯರ್, ಪ್ಲೇರೈಟಲ್ಲಿ ಕನ್ಸೋಲ್ ಇವೆಂಟ್‌ಗೆ ಒಂದು ಲಿಸನರ್ ಹಾಕಿದ್ರೆ ಈಚೆ ಬರತ್ತೆ.

ನನ್ನ ಆಯ್ಕೆ ಕೇಳಿದ್ರೆ, ಹೊಸ ಕೆಲಸಕ್ಕೆ ಪ್ಲೇರೈಟ್, ಕ್ರೋಮಲ್ಲಿ ಪಿಡಿಎಫ್ ತೆಗೆಯೋ ತರದ ಚಿಕ್ಕ ಸ್ಕ್ರಿಪ್ಟಿಗೆ ಪಪೆಟಿಯರ್. ಸೆಲೆನಿಯಂ ಟೆಸ್ಟ್‌ಗಳು ಆಗಲೇ ರಾಶಿ ಇದ್ರೆ ಇವ್ಯಾಲ್ಯುಯೇಟ್ ಆಸೆಗೋಸ್ಕರ ಮಾತ್ರ ಬದಲಾಯಿಸೋದು ದಂಡ, ಬದಲಿಗೆ ನೂರಾರು ಸೆಲ್‌ನ ಒಂದೊಂದಾಗಿ ಓದೋ ಲೂಪ್ ಹುಡುಕಿ ಅದನ್ನ ಒಂದೇ ಎಕ್ಸಿಕ್ಯೂಟ್ ಸ್ಕ್ರಿಪ್ಟಿಗೆ ಇಳಿಸಿ, ಪ್ರತಿ ಸೆಲ್‌ಗೂ ಡ್ರೈವರ್‌ಗೆ (ಸೆಲೆನಿಯಂ, ಬ್ರೌಸರ್ ನಡುವೆ ಕೂರೋ ಪ್ರೋಗ್ರಾಂ) ಒಂದು ಎಚ್‌ಟಿಟಿಪಿ ರಿಕ್ವೆಸ್ಟ್ ಹೋಗೋದು ತಪ್ಪತ್ತೆ, ಸ್ಪೀಡ್ ಕಣ್ಣಿಗೇ ಕಾಣತ್ತೆ. ಮೂರರಲ್ಲಿ ಯಾವುದೇ ಇರ್ಲಿ, ಟೆಸ್ಟ್ ಒಳಗೆ ಕ್ಲಿಕ್‌ನ ಮಾತ್ರ ಜಾವಾಸ್ಕ್ರಿಪ್ಟಿಂದ ಮಾಡ್ಬೇಡಿ, ಬಟನ್ ಮೇಲೆ ಪಾಪ್‌ಅಪ್ ಕೂತಿದ್ರೂ ಆ ಕ್ಲಿಕ್ ಪಾಸ್ ಆಗ್ಬಿಡತ್ತೆ, ಬಳಸೋ ಮನುಷ್ಯ ಮಾತ್ರ ಒತ್ತೋಕಾಗದೆ ಒದ್ದಾಡ್ತಿರ್ತಾನೆ.